32ಕ್ಕೆ ನಿಂತ ಗೋಬರ್ ಗ್ಯಾಸ್

ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಹಾಲಿನ ಲೆಕ್ಕ, ಆಳುಗಳ ಲೆಕ್ಕ, ಯಾವ ಆಕಳು ಯಾವಾಗ ಗಬ್ಬವಾಯಿತು ಎಂಬ ಲೆಕ್ಕ ಎಲ್ಲವೂ ಇರುತ್ತದೆ. ಈ ವರ್ಷ ಜನವರಿಯ ಕೊನೆಯಿಂದ ಅಲ್ಲಿ ಇನ್ನೊಂದು ಸಾಲು ಸೇರಿತು: ಗೋಬರ್ ಗ್ಯಾಸಿನ ಒಲೆ ಎಷ್ಟು ನಿಮಿಷ ಉರಿಯಿತು ಎಂಬುದು. ಮೊದಲ ದಿನದ ಬರಹ ಹೀಗಿದೆ: ಬೆಳಿಗ್ಗೆ 14, ಮಧ್ಯಾಹ್ನ 11, ಸಂಜೆ 13. ಹಿಂದೆ ಇದೇ ಒಲೆಯಲ್ಲಿ ಬೆಳಗಿನ ದೋಸೆ, ಮಧ್ಯಾಹ್ನದ ಅನ್ನ, ಹುಳಿ, ಸಂಜೆಯ ಹಾಲು ಎಲ್ಲ ಮುಗಿದ ಮೇಲೂ ಆಕಳಿಗೆ ಬಾಯರು ಬೇಯಿಸುವಷ್ಟು ಗ್ಯಾಸ್ ಉಳಿಯುತ್ತಿತ್ತು.

ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಗುಂಡಿ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಅಳತೆಯ ದೀನಬಂಧು ಮಾದರಿಯದು, ಮಾವನವರು 1993ರಲ್ಲಿ ಕಟ್ಟಿಸಿದ್ದು. ಅದಕ್ಕೂ ಮೊದಲು ಕಬ್ಬಿಣದ ಡ್ರಮ್ಮು ತೇಲುವ ಖಾದಿ ಆಯೋಗದ ಮಾದರಿ ಇತ್ತಂತೆ. ಮಲೆನಾಡಿನ ಮಳೆಗೆ ಆ ಡ್ರಮ್ಮು ತುಕ್ಕು ಹಿಡಿದು ಜರಡಿಯಾದಾಗ, ಕಬ್ಬಿಣವೇ ಬೇಡದ ಇಟ್ಟಿಗೆ ಗುಮ್ಮಟಕ್ಕೆ ಮಾವನವರು ಮನಸ್ಸು ಮಾಡಿದರು. ದೀನಬಂಧು ಮಾದರಿಯನ್ನು ದೆಹಲಿಯ ಅಫ್‌ಪ್ರೋ ಸಂಸ್ಥೆಯವರು ರೂಪಿಸಿದ್ದು 1984ರಲ್ಲಿ. ಹತ್ತು ವರ್ಷ ತುಂಬುವುದರೊಳಗೆ ಅದು ನಮ್ಮ ಕಡೆಯ ಕೊಟ್ಟಿಗೆಗಳ ಪಕ್ಕದಲ್ಲೆಲ್ಲ ಕಾಣಿಸಿಕೊಂಡಿತ್ತು. ಇಷ್ಟು ಒತ್ತೊತ್ತಾಗಿ ಗೋಬರ್ ಗ್ಯಾಸ್ ಇರುವ ತಾಲ್ಲೂಕು ಹೇಗಾಯಿತು ಎಂದು ಬೆಂಗಳೂರಿನ ವಿಜ್ಞಾನ ಸಂಸ್ಥೆಯವರೇ ಅಧ್ಯಯನ ಮಾಡಿದ್ದಾರೆ. ಅಂಥ ಊರಿನಲ್ಲಿ ಗ್ಯಾಸ್ ಕೆಟ್ಟರೆ ಸಲಹೆಗೇನು ಬರ!

ಫೆಬ್ರವರಿ 3

ಸಲಹೆಗಳನ್ನೇ ಮೊದಲು ಬರೆದುಬಿಡುತ್ತೇನೆ. ಪಕ್ಕದ ಮನೆಯ ಭಾವ ಹೇಳಿದ್ದು ಬೆಲ್ಲದ ನೀರು. ಹಾಲಿನ ಡೇರಿಯಲ್ಲಿ ಸಿಕ್ಕವರೊಬ್ಬರು ಹೇಳಿದ್ದು ಯೂರಿಯಾ. ಪೇಟೆಯ ಅಂಗಡಿಯೊಂದರಲ್ಲಿ ‘ಜೀವಾಣು ಪುಡಿ’ ಎಂದು 450 ರೂಪಾಯಿಯ ಪೊಟ್ಟಣ ಕೊಟ್ಟರು. ನಮ್ಮವರು ತಂದಿದ್ದರಿಂದ ಹಾಕಿದೆ. ಎಂಟು ದಿನದ ನಂತರ ಕ್ಯಾಲೆಂಡರಿನಲ್ಲಿ: 13, 12, 13.

ಈ ಸಲಹೆಗಳಿಗೆಲ್ಲ ಒಂದೇ ನಂಬಿಕೆ ಬುಡ. ಗ್ಯಾಸ್ ಬರುತ್ತಿಲ್ಲ ಎಂದರೆ ಒಳಗೆ ಹುಟ್ಟುತ್ತಿಲ್ಲ ಎಂದೇ ಅರ್ಥ ಎನ್ನುವುದು. ಹುಟ್ಟಿಯೂ ಒಲೆಗೆ ಬಾರದೆ ಹೋಗಬಹುದು ಎಂದು ಯಾರೂ ಹೇಳಲಿಲ್ಲ. ಸೋರುವ ಕೊಡಕ್ಕೆ ಎಷ್ಟು ನೀರು ಸೇದಿ ಹಾಕಿದರೇನು?

ಸಗಣಿಯ ಲೆಕ್ಕ ತೆಗೆದೆ. ಎರಡು ಮಿಶ್ರತಳಿ ಆಕಳು, ಮೂರು ಮಲೆನಾಡು ಗಿಡ್ಡ. ಗಿಡ್ಡಗಳು ಹಗಲು ಬೆಟ್ಟಕ್ಕೆ ಹೋಗುವುದರಿಂದ ಅವುಗಳ ರಾತ್ರಿಯ ಸಗಣಿ ಮಾತ್ರ ಸಿಗುತ್ತದೆ. ಬುಟ್ಟಿಯನ್ನು ಅಡಿಕೆ ತೂಗುವ ತಕ್ಕಡಿಗೆ ಏರಿಸಿ ನೋಡಿದರೆ ದಿನಕ್ಕೆ ಸರಾಸರಿ 42 ಕಿಲೋ. (ತಕ್ಕಡಿಯನ್ನು ಆಮೇಲೆ ಎರಡು ಸಲ ತೊಳೆದೆ. ಆದರೂ ನಮ್ಮವರ ಮುಖ ಎರಡು ದಿನ ಸರಿಯಿರಲಿಲ್ಲ.) ಹಸಿ ಸಗಣಿ ಒಂದು ಕಿಲೋಗೆ ಹೆಚ್ಚೆಂದರೆ 40 ಲೀಟರ್ ಗ್ಯಾಸ್ ಎಂದು ಹಿಡಿಯುತ್ತಾರೆ. 42 ಕಿಲೋಗೆ ಸುಮಾರು ಒಂದೂವರೆ ಘನ ಮೀಟರ್ ಎಂದುಕೊಳ್ಳೋಣ. ನಮ್ಮ ಒಲೆ ಗಂಟೆಗೆ 0.45 ಘನ ಮೀಟರ್ ಉರಿಸುತ್ತದೆ, ಅಂದರೆ ನಿಮಿಷಕ್ಕೆ ಏಳೂವರೆ ಲೀಟರ್. ಈ ಲೆಕ್ಕಕ್ಕೆ ದಿನಕ್ಕೆ ಮೂರು ಗಂಟೆ ಉರಿಯಬೇಕು. ಉರಿಯುತ್ತಿದ್ದುದು ಮುಕ್ಕಾಲು ಗಂಟೆಯೂ ಇಲ್ಲ.

ಫೆಬ್ರವರಿ 9

ಮೊದಲು ಕೊಳವೆ. ಗುಮ್ಮಟದ ನೆತ್ತಿಯಿಂದ ಅಡುಗೆಮನೆಗೆ ಸುಮಾರು 18 ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಅಂಗಳದಲ್ಲಿ ನೆಲದೊಳಗೆ ಹೋಗುತ್ತದೆ. ಒಲೆ ಹಚ್ಚಿದಾಗ ಉರಿ ಕುಣಿಯುತ್ತಿದ್ದುದರಿಂದ ಪೈಪಿನಲ್ಲಿ ನೀರು ನಿಂತಿದೆ ಎಂಬುದಂತೂ ಖಾತ್ರಿ ಇತ್ತು. ಗುಂಡಿಯಿಂದ ಬರುವ ಗ್ಯಾಸು ಹಬೆ ಹೊತ್ತುಕೊಂಡೇ ಬರುತ್ತದೆ. ತಂಪಾದ ಪೈಪಿನಲ್ಲಿ ಅದು ನೀರಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಆ ತಗ್ಗಿನಲ್ಲೊಂದು ನೀರು ಬಿಡುವ ನಲ್ಲಿ ಇತ್ತು. ಅಂಗಳಕ್ಕೆ ಕಲ್ಲು ಹಾಸಿದ ವರ್ಷ ಅದು ಕಲ್ಲಿನಡಿ ಹೋದದ್ದು ನನಗೂ ಮರೆತೇಹೋಗಿತ್ತು. ಅತ್ತೆಯವರು ತುಳಸಿಕಟ್ಟೆಯಿಂದ ನಾಲ್ಕು ಹೆಜ್ಜೆ ಎಣಿಸಿ ತೋರಿಸಿದರು. ಕಲ್ಲೆಬ್ಬಿಸಿ ನಲ್ಲಿ ತಿರುಗಿಸಿದರೆ ಎರಡು ಚೊಂಬಿನಷ್ಟು ಕಪ್ಪು ನೀರು.

ನಂತರ ಸೋರಿಕೆ. ಗುಮ್ಮಟದ ಮೇಲಿನ ವಾಲ್ವನ್ನೂ ಒಲೆಯ ವಾಲ್ವನ್ನೂ ಮುಚ್ಚಿ, ನಡುವಿನ ಪೈಪಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಕೀಲುಗಳಿಗೆಲ್ಲ ಸಾಬೂನಿನ ನೊರೆ ಬಳಿದೆವು. ಅಂಗಳ ದಾಟಿ ಗೋಡೆ ಹತ್ತುವ ಕಡೆಯ ಎಲ್ಬೋದಲ್ಲಿ ನೊರೆ ಕುದಿಯುವಂತೆ ಉಕ್ಕಿತು. ಒಳಗಿನಿಂದಲೇ ತಿಂದುಹೋಗಿತ್ತು. ಗೋಬರ್ ಗ್ಯಾಸಿನಲ್ಲಿ ಮೀಥೇನು, ಇಂಗಾಲದ ಡೈಆಕ್ಸೈಡುಗಳ ಜೊತೆ ಚೂರು ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆಯದು. ನೀರಿನ ಜೊತೆ ಸೇರಿದರೆ ಅದು ಕಬ್ಬಿಣವನ್ನು ಬಿಡುವುದಿಲ್ಲ. ಎಲ್ಬೋ, ನಿಪ್ಪಲ್ ಮತ್ತು ಒಂದೂವರೆ ಮೀಟರ್ ಪೈಪು ಬದಲಾಯಿಸಿದೆವು.

ಮರುದಿನ ಒಲೆ 28 ನಿಮಿಷ ಉರಿಯಿತು. ನಮ್ಮವರು ಗೆದ್ದೆವು ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಫೆಬ್ರವರಿ 16

ಒಂದು ವಾರದ ಲೆಕ್ಕ ಮುಂದಿಟ್ಟುಕೊಂಡು ಕೂತಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಬೆಳಿಗ್ಗೆ 28, ಮಧ್ಯಾಹ್ನ 27, ಸಂಜೆ 28. ರಾತ್ರಿ ಎಂಟಕ್ಕೆ ಒಲೆ ಆರಿಸಿದರೆ ಮತ್ತೆ ಹಚ್ಚುವುದು ಬೆಳಿಗ್ಗೆ ಆರಕ್ಕೆ, ನಡುವೆ ಹತ್ತು ತಾಸು. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ನಾಲ್ಕೇ ತಾಸು. ಹತ್ತು ತಾಸಿಗೂ 28, ನಾಲ್ಕು ತಾಸಿಗೂ 28 ಅಂದರೆ ಏನು? ಹುಟ್ಟುವುದೇ ಕಡಿಮೆಯಾಗಿದ್ದರೆ ಹತ್ತು ತಾಸಿನಲ್ಲಿ ನಾಲ್ಕು ತಾಸಿನದರ ಎರಡೂವರೆ ಪಟ್ಟು ಸಿಗಬೇಕಿತ್ತು. ಎಲ್ಲೋ ಒಂದು ಅಂಚು ಇದೆ, ಅಲ್ಲಿಯವರೆಗೆ ತುಂಬಿ ಆಮೇಲಿನದೆಲ್ಲ ಹೊರಗೆ ಹೋಗುತ್ತಿದೆ.

ಇದನ್ನು ಕಣ್ಣಿಂದ ನೋಡಬೇಕಿತ್ತು. ಮೇಸ್ತ್ರಿಗಳು ಮಟ್ಟ ನೋಡಲು ಇಟ್ಟುಕೊಳ್ಳುವ ಪಾರದರ್ಶಕ ಲೆವೆಲ್ ಪೈಪಿನ ಎರಡೂವರೆ ಮೀಟರ್ ತುಂಡನ್ನು ಹಲಗೆಯ ಮೇಲೆ ಕುದುರೆ ಲಾಳದ ಆಕಾರದಲ್ಲಿ ಬಾಗಿಸಿ ಮೊಳೆ ಹೊಡೆದು, ಅರ್ಧದವರೆಗೆ ನೀರು ತುಂಬಿ, ಒಂದು ತುದಿಯನ್ನು ಒಲೆಯ ಪಕ್ಕದ ಪೈಪಿನ ಟೀ ಕವಲಿಗೆ ಸಿಕ್ಕಿಸಿದೆ. ನೀರು ಸರಿಯಾಗಿ ಕಾಣಲೆಂದು ಅದಕ್ಕೆ ಚಿಟಿಕೆ ಕುಂಕುಮ. ಹಲಗೆಗೆ ಹೊಲಿಗೆಯ ಟೇಪು ಅಂಟಿಸಿದೆ. ಮಾನೋಮೀಟರ್ ಎಂದರೆ ಇಷ್ಟೇ. ಗ್ಯಾಸಿನ ಒತ್ತಡಕ್ಕೆ ಒಂದು ಕಡೆಯ ನೀರು ಇಳಿದು ಇನ್ನೊಂದು ಕಡೆಯದು ಏರುತ್ತದೆ. ಎರಡರ ನಡುವಿನ ಅಂತರವನ್ನು ಓದಬೇಕು. ಮೊದಲ ದಿನ ನಾನು ಏರಿದ ಕಡೆಯದನ್ನು ಮಾತ್ರ ಓದಿ 16 ಎಂದು ಬರೆದು, ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ.

ಫೆಬ್ರವರಿ 18

ಈ ದಿನದ ಪರೀಕ್ಷೆಯನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಸಾಮಾನು ಏನೂ ಬೇಡ, ಯಾರು ಬೇಕಾದರೂ ಮಾಡಬಹುದು.

ಗುಮ್ಮಟದ ಗುಂಡಿಯಲ್ಲಿ ಗ್ಯಾಸ್ ಹೆಚ್ಚಾದಂತೆ ಅದು ಒಳಗಿನ ಬಗ್ಗಡವನ್ನು, ಅಂದರೆ ಸಗಣಿ ನೀರಿನ ರಾಡಿಯನ್ನು, ಕೆಳಕ್ಕೆ ಒತ್ತುತ್ತದೆ. ಒತ್ತಿದ ಬಗ್ಗಡ ಹೊರಗುಂಡಿಗೆ ಬಂದು ಅಲ್ಲಿ ಮಟ್ಟ ಏರುತ್ತದೆ. ಒಲೆ ಹಚ್ಚಿದರೆ ಅದೇ ಬಗ್ಗಡ ಮರಳಿ ಒಳಕ್ಕೆ ಹೋಗಿ ಗ್ಯಾಸನ್ನು ತಳ್ಳುತ್ತದೆ. ಡ್ರಮ್ಮಿನ ಮಾದರಿಯಲ್ಲಿ ಡ್ರಮ್ಮಿನ ಭಾರವೇ ಒತ್ತುವುದರಿಂದ ಒತ್ತಡ ಯಾವಾಗಲೂ ಒಂದೇ, ಸುಮಾರು 10 ಸೆಂ.ಮೀ. ನೀರಿನಷ್ಟು. ಗುಮ್ಮಟದಲ್ಲಿ ಅದು ಏರುತ್ತ ಇಳಿಯುತ್ತ ಇರುತ್ತದೆ. ಹೀಗೆ ಏರಿಳಿಯುವುದರಿಂದಲೇ ಒಳಗಿನ ಸುದ್ದಿ ಹೊರಗೆ ತಿಳಿಯುತ್ತದೆ.

ಆ ದಿನ ಬೆಳಿಗ್ಗೆ ಸಗಣಿ ಹಾಕಲಿಲ್ಲ, ಹಾಕಿದರೆ ಹೊರಗುಂಡಿಯ ಮಟ್ಟ ಅದರಿಂದಲೇ ಏರುತ್ತದೆ. ಒಲೆಯನ್ನು ತಾನಾಗಿ ಆರುವವರೆಗೆ ಉರಿಸಿ, ಹೊರಗುಂಡಿಯಲ್ಲಿ ಗೆರೆ ಹಾಕಿದ ಅಡಿಕೆ ದಬ್ಬೆಯೊಂದನ್ನು ನೆಟ್ಟೆ. ಪ್ರತಿ ತಾಸಿಗೊಮ್ಮೆ ದಬ್ಬೆಯನ್ನೂ ಮಾನೋಮೀಟರನ್ನೂ ನೋಡುವುದು.

ಮೊದಲ ತಾಸಿನಲ್ಲಿ ಹೊರಗುಂಡಿಯ ಬಗ್ಗಡ 2.9 ಸೆಂ.ಮೀ. ಏರಿತು. ಎರಡನೆಯದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೊರಗುಂಡಿ 1.2 ಮೀಟರ್ ಅಗಲ, 1.8 ಮೀಟರ್ ಉದ್ದ. ಒಂದು ಸೆಂ.ಮೀ. ಏರಿತೆಂದರೆ 21 ಲೀಟರಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ತಾಸಿಗೆ ಅರವತ್ತಕ್ಕೂ ಹೆಚ್ಚು ಲೀಟರ್ ಗ್ಯಾಸ್ ಹುಟ್ಟುತ್ತಿದೆ, ದಿನಕ್ಕೆ ಒಂದೂವರೆ ಘನ ಮೀಟರ್. ತಕ್ಕಡಿ ಹೇಳಿದ್ದೂ ಇದನ್ನೇ. ಒಳಗಿನ ಜೀವಾಣುಗಳು ತಮ್ಮ ಕೆಲಸವನ್ನು ಮೊದಲಿನ ಹಾಗೆಯೇ ಮಾಡಿಕೊಂಡಿದ್ದವು. 450 ರೂಪಾಯಿಯ ಪುಡಿ ಅವುಗಳಿಗೆ ಅವಮಾನ.

ಮೂರು ತಾಸು ಕಳೆದು ಹತ್ತು ನಿಮಿಷಕ್ಕೆ ದಬ್ಬೆಯ ಮೇಲೆ 9 ಸೆಂ.ಮೀ., ಮಾನೋಮೀಟರಿನಲ್ಲಿ 32. ನಾಲ್ಕನೆಯ ತಾಸಿಗೂ 32. ಐದಕ್ಕೂ 32. ರಾತ್ರಿ ಮಲಗುವಾಗ ಟಾರ್ಚು ಹಿಡಿದು ನೋಡಿದೆ, 32.

ಕೊಳವೆಯಲ್ಲೋ ವಾಲ್ವಿನಲ್ಲೋ ತೂತಿದ್ದರೆ ಒತ್ತಡ ಕಡಿಮೆ ಇದ್ದಾಗಲೂ ಸೋರುತ್ತದೆ, ಏರಿಕೆ ಮೊದಲಿನಿಂದಲೇ ನಿಧಾನವಾಗುತ್ತ ಹೋಗುತ್ತದೆ. ಇಲ್ಲಿ ಹಾಗಿಲ್ಲ. ಒಂದೇ ವೇಗದಲ್ಲಿ ಏರಿ ಥಟ್ಟನೆ ನಿಂತಿದೆ. ಬಿರುಕು ಗುಮ್ಮಟದ ಪಕ್ಕೆಯಲ್ಲಿದೆ. ಗ್ಯಾಸ್ ಕಡಿಮೆ ಇರುವಾಗ ಬಗ್ಗಡವೇ ಆ ಬಿರುಕನ್ನು ಮುಚ್ಚಿಕೊಂಡಿರುತ್ತದೆ. ಗ್ಯಾಸ್ ಹೆಚ್ಚಿ ಒಳಗಿನ ಮಟ್ಟ ಬಿರುಕಿನವರೆಗೆ ಇಳಿದ ಕೂಡಲೇ ಬಾಗಿಲು ತೆರೆದ ಹಾಗೆ. ಹಾಗಿದ್ದರೆ ಬಿರುಕು ಎಷ್ಟು ಆಳದಲ್ಲಿದೆ ಎಂಬುದೂ ಹಲಗೆಯ ಮೇಲೆಯೇ ಬರೆದಿತ್ತು. ಹೊರಗಿನ ಬಗ್ಗಡದ ಮಟ್ಟಕ್ಕೂ ಒಳಗಿನದಕ್ಕೂ ಇರುವ ವ್ಯತ್ಯಾಸವೇ ಮಾನೋಮೀಟರಿನ ಅಂಕಿ. ಹೊರಗುಂಡಿಯ ಬಗ್ಗಡದಿಂದ ನೇರ 32 ಸೆಂ.ಮೀ. ಕೆಳಗೆ, ಗುಮ್ಮಟದ ಸುತ್ತ ಎಲ್ಲೋ ಒಂದು ಕಡೆ.

ಇದನ್ನು ನಮ್ಮವರಿಗೆ ವಿವರಿಸಿ ಒಪ್ಪಿಸಲು ಎರಡು ಲೋಟ, ಒಂದು ಬಕೆಟ್ ನೀರು ಮತ್ತು ಒಂದು ಸಂಜೆ ಬೇಕಾಯಿತು.

ಫೆಬ್ರವರಿ 24

ಮೇಸ್ತ್ರಿ ಬಂದರು. ಅರವತ್ತರ ಹತ್ತಿರದವರು. 1993ರಲ್ಲಿ ಇದೇ ಗುಂಡಿಗೆ ಇಟ್ಟಿಗೆ ಹೊತ್ತವರಲ್ಲಿ ಇವರೂ ಒಬ್ಬರು. ಲೆವೆಲ್ ಪೈಪು ಹಿಡಿದು ಹೊರಗುಂಡಿಯ ಮಟ್ಟವನ್ನು ಗುಮ್ಮಟದ ಆಚೆಗೆ ತಂದು, ಅಲ್ಲಿಂದ 32 ಸೆಂ.ಮೀ. ಕೆಳಗೆ ಗುರುತು ಹಾಕಿ ಮಣ್ಣು ತೆಗೆಯಲು ಶುರು ಮಾಡಿದೆವು. ಗುಮ್ಮಟದ ಮೇಲಿನ ಮಣ್ಣು ಸುಮ್ಮನೆ ಇರುವುದಲ್ಲ. ಒಳಗಿನ ಒತ್ತಡಕ್ಕೆ ಎದುರು ಭಾರವಾಗಿ ಕೂತಿರುತ್ತದೆ. ಆದ್ದರಿಂದ ಒಂದೇ ಸಲ ಬೋಳು ಮಾಡಲಿಲ್ಲ. ಎರಡು ಅಡಿ ಅಗಲದ ಕಾಲುವೆ ತೋಡುವುದು, ನೊರೆ ಬಳಿದು ನೋಡುವುದು, ಮಣ್ಣು ಮುಚ್ಚಿ ಮುಂದಕ್ಕೆ ಹೋಗುವುದು.

ಮೂರನೆಯ ಕಾಲುವೆಯಲ್ಲಿ, ಹಲಸಿನ ಮರದ ಕಡೆಗೆ, ಹೆಬ್ಬೆರಳು ದಪ್ಪದ ಬೇರು ಗುಮ್ಮಟವನ್ನು ತಬ್ಬಿಕೊಂಡಿತ್ತು. ಅದರ ಪಕ್ಕದಲ್ಲಿ ಗಿಲಾವು ಬಿಟ್ಟ ಗೆರೆ. ನೊರೆ ಹಾಕಿದರೆ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಆ ಹಲಸನ್ನು ಯಾರೂ ನೆಟ್ಟಿದ್ದಲ್ಲ. ಹಲಸಿನ ಹಣ್ಣು ಬಿಡಿಸಿದ ಕಸವನ್ನು ಸಗಣಿ ಗುಂಡಿಯ ಪಕ್ಕ ಎಸೆಯುವ ಅಭ್ಯಾಸ ನಮ್ಮ ಮನೆಯದೇ.

ಮೇಸ್ತ್ರಿ ಗೆರೆಯನ್ನು ಬೆರಳಿನಿಂದ ಸವರಿ, “ಅಕ್ಕಾ, ಇದು ಬೇರಿನದೊಂದೇ ತಪ್ಪಲ್ಲ. ನೋಡಿ, ಬಿರುಕು ಮಟ್ಟವಾಗಿ ಹೋಗಿದೆ. ಇಲ್ಲಿಯವರೆಗೆ ಒಂದು ದಿನ ಕಟ್ಟಿದ್ದು, ಮೇಲಿನದು ಇನ್ನೊಂದು ದಿನ. ನಡುವೆ ಮಳೆ ಬಂದು ಕೆಲಸ ನಿಂತಿತ್ತು,” ಎಂದರು. ಅಷ್ಟು ವರ್ಷದ ಹಿಂದಿನ ಮಳೆ ನೆನಪಿದೆಯೇ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಈ ಗುಮ್ಮಟಕ್ಕೆ ಒಳಗಡೆ ಹಲಗೆಯ ಆಧಾರವೇ ಇರುವುದಿಲ್ಲ. ನಡುವಿನ ಗೂಟಕ್ಕೆ ಕಟ್ಟಿದ ದಾರದ ಅಳತೆಯಲ್ಲಿ ಒಂದೊಂದೇ ಇಟ್ಟಿಗೆ ಇಟ್ಟು, ಗಾರೆ ಹಿಡಿಯುವವರೆಗೆ ಕೊಕ್ಕೆಗೆ ಕಲ್ಲು ತೂಗುಬಿಟ್ಟು ನಿಲ್ಲಿಸುತ್ತ, ಸುತ್ತು ಸುತ್ತಾಗಿ ಏರುತ್ತಾರೆ. ಒಂದು ಸುತ್ತು ಒಣಗಿದ ಮೇಲೆ ಅದರ ಮೇಲೆ ಹಸಿ ಸುತ್ತು ಕೂರಿಸಿದರೆ ಅಲ್ಲೊಂದು ಸೀಳು ಕಾದಿರುತ್ತದೆ. ಬೇರು ಅದನ್ನು ಹುಡುಕಿಕೊಂಡಿತು.

ಮಾರ್ಚ್ 2ರಿಂದ 9

ಇದು ನನ್ನ ತಪ್ಪಿನ ವಾರ. ಗುಂಡಿ ಖಾಲಿ ಮಾಡುವ ಗೋಜು ಬೇಡ, ಹೊರಗಿನಿಂದಲೇ ಬಿರುಕು ತುಂಬಿಸೋಣ ಎಂದು ಹಟ ಹಿಡಿದೆ. ಮೇಸ್ತ್ರಿ ಬೇಡವೆಂದರು. ಆದರೂ ಬೇರು ಕಡಿದು, ಬಿರುಕು ಕೆತ್ತಿ, ಗಾರೆ ತುಂಬಿ, ಐದು ದಿನ ಗೋಣಿ ಹಾಕಿ ನೀರು ಹೊಡೆದು ಕೊಟ್ಟರು. ಅಷ್ಟೂ ದಿನ ವಾಲ್ವ್ ತೆರೆದಿಟ್ಟು ಗ್ಯಾಸ್ ಹೊರಗೆ ಬಿಟ್ಟೆವು. ಆ ದಿನಗಳಲ್ಲಿ ಬಚ್ಚಲ ಒಲೆಯನ್ನು ಕೂಡ ಹಚ್ಚಲು ಅತ್ತೆಯವರು ಬಿಡಲಿಲ್ಲ, ಅಷ್ಟು ದೂರವಿದ್ದರೂ. ಆರನೆಯ ದಿನ ವಾಲ್ವ್ ಮುಚ್ಚಿದರೆ ಮಾನೋಮೀಟರ್ 40ಕ್ಕೆ ಹೋಯಿತು, ಮರುದಿನ 36, ಅದರ ಮರುದಿನ 32.

ಯೋಚಿಸಿದರೆ ಕಾರಣ ಸರಳ. ಒತ್ತಡ ಒಳಗಿನಿಂದ ಹೊರಕ್ಕೆ. ಹೊರಗೆ ಹಚ್ಚಿದ ಗಾರೆಯನ್ನು ಗ್ಯಾಸು ಇಟ್ಟಿಗೆಯಿಂದ ಎಬ್ಬಿಸಿಯೇ ಹಾಕುತ್ತದೆ. ಒಳಗೆ ಹಚ್ಚಿದರೆ ಅದೇ ಒತ್ತಡ ಗಾರೆಯನ್ನು ಇಟ್ಟಿಗೆಗೆ ಅದುಮಿ ಹಿಡಿಯುತ್ತದೆ. ಟ್ಯೂಬಿಗೆ ಹಾಕುವ ತೇಪೆಯನ್ನು ಟಯರಿನ ಮೇಲೆ ಹಾಕಿದ ಹಾಗಾಗಿತ್ತು ನನ್ನ ಕೆಲಸ. ಮೇಸ್ತ್ರಿ ಏನೂ ಅನ್ನಲಿಲ್ಲ. ಆ ದಿನದ ಕೂಲಿ ಮಾತ್ರ ಬೇಡ ಎಂದರು, ಅದೇ ಹೆಚ್ಚು ಚುಚ್ಚಿತು. ಒತ್ತಾಯದಿಂದ ಕೊಟ್ಟೆ.

ಮಾರ್ಚ್ 17ರಿಂದ 25

ಅಡಿಕೆ ಕೊಯ್ಲು ಮುಗಿದು ಆಳುಗಳು ಸಿಗುವ ಹೊತ್ತು. ಮಡ್ ಪಂಪು ಬಾಡಿಗೆಗೆ ತಂದು ಎರಡು ದಿನ ಬಗ್ಗಡವನ್ನು ತೋಟದ ಕಾಲುವೆಗೆ ಬಿಟ್ಟೆವು. ಮೊದಲೇ 200 ಲೀಟರಿನ ಆರು ಡ್ರಮ್ಮಿನಷ್ಟು ಹಳೆಯ ಬಗ್ಗಡವನ್ನು ನೆರಳಿನಲ್ಲಿ ತೆಗೆದಿಟ್ಟೆ. ಮೊಸರಿಗೆ ಹೆಪ್ಪು ಬೇಕಾದಂತೆ ಹೊಸ ಗುಂಡಿಗೆ ಇದು ಬೇಕು.

ಕೊನೆಯ ಎರಡು ಅಡಿ ಪಂಪಿಗೆ ಏರಲಿಲ್ಲ. ಅದಕ್ಕೆ ಒಳಗೆ ಇಳಿಯಲೇಬೇಕು. ಇಲ್ಲಿ ನಾನು ಯಾರ ಮಾತನ್ನೂ ಕೇಳಲಿಲ್ಲ. ಒಬ್ಬ ಹುಡುಗ ಮೂಗಿಗೆ ಪಂಚೆ ಕಟ್ಟಿಕೊಂಡು ಐದು ನಿಮಿಷದಲ್ಲಿ ಬರುತ್ತೇನೆ ಎಂದ. ಪಂಚೆ ಧೂಳಿಗೆ ಆದೀತು, ಈ ಗ್ಯಾಸಿಗೆ ಏನೂ ಅಲ್ಲ. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದ್ದಲ್ಲಿ ಮೂಗು ಮೊದಲು ವಾಸನೆ ಹಿಡಿದು ಕೂಡಲೇ ಸತ್ತುಹೋಗುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಳ್ಳುವ ಗಳಿಗೆಯೇ ಅಪಾಯದ್ದು. ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಮೀಥೇನು ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಬೆರೆತಿದ್ದರೆ ಒಂದು ಕಿಡಿ ಸಾಕು. ಹೀಗಿರುವಾಗ ಕೆಲವರು ಒಳಗೆ ದೀಪ ಇಳಿಸಿ ನೋಡುತ್ತಾರೆ, ಉರಿದರೆ ಗಾಳಿ ಇದೆ ಎಂದು!

ಗ್ಯಾಸ್ ಪೈಪನ್ನು ನೆತ್ತಿಯಲ್ಲೇ ಬಿಚ್ಚಿ, ಎಲ್ಲ ಬಾಯಿ ತೆರೆದು, ಕುಲುಮೆಯವರ ಬಳಿಯಿಂದ ತಂದ ವಿದ್ಯುತ್ ಬ್ಲೋವರನ್ನು ಗುಂಡಿಯಿಂದ ದೂರವಿಟ್ಟು, ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ತಳಕ್ಕೆ ಗಾಳಿ ಬಿಟ್ಟೆವು. ಐದು ದಿನ. ಆರನೆಯ ದಿನ ಬುಟ್ಟಿಯಲ್ಲಿ ಒಂದು ಕೋಳಿಯನ್ನು ಅರ್ಧ ತಾಸು ಇಳಿಸಿದರು. ನಮ್ಮ ಮನೆಯಲ್ಲಿ ಕೋಳಿ ಇಲ್ಲದ ಕಾರಣ ಅದು ಮೇಸ್ತ್ರಿಯವರ ಮನೆಯದು. ಬದುಕಿ ಬಂದು ಕೆರೆಯುತ್ತ ಓಡಿತು. ಅನಂತರವೂ ಇಳಿದವರ ಸೊಂಟಕ್ಕೆ ಹಗ್ಗ, ಹಗ್ಗದ ತುದಿಯಲ್ಲಿ ಮೇಲೆ ಇಬ್ಬರು, ಬ್ಲೋವರ್ ಓಡುತ್ತಲೇ ಇರಬೇಕು, ಕಾಲು ತಾಸಿಗೊಮ್ಮೆ ಮೇಲೆ ಬರಬೇಕು. ಬೀಡಿ, ಬೆಂಕಿಪೊಟ್ಟಣ, ಮೊಬೈಲ್ ಎಲ್ಲ ಜಗುಲಿಯ ಮೇಲೆ. ಬೆಳಕಿಗೆ ಬಲ್ಬು ಇಳಿಸಲು ಮನಸ್ಸಾಗಲಿಲ್ಲ. ನನ್ನ ಕೋಣೆಯ ಕನ್ನಡಿ ತಂದು ಹೊರಗುಂಡಿಯ ಅಂಚಿನಲ್ಲಿಟ್ಟು ಬಿಸಿಲನ್ನು ಒಳಕ್ಕೆ ಹೊಡೆಸಿದೆವು. ಹೊತ್ತು ಸರಿದಂತೆ ಕನ್ನಡಿ ತಿರುಗಿಸುವ ಕೆಲಸ ಅತ್ತೆಯವರದು. ಗುಮ್ಮಟದೊಳಗೆ ದೇವಸ್ಥಾನದ ಗರ್ಭಗುಡಿಗಿಂತ ಹೆಚ್ಚು ಬೆಳಕಿತ್ತು.

ತಳದಲ್ಲಿ ಒಂದೂಕಾಲು ಅಡಿ ಮರಳು, ಮಣ್ಣು. ಕೊಟ್ಟಿಗೆ ನೆಲದ ಸಿಮೆಂಟು ಎದ್ದಿದ್ದರಿಂದ ಸಗಣಿ ಬಳಿಯುವಾಗ ಬಂದದ್ದು. ಅದರ ಮೇಲೆ ಕೊಳೆಯದ ದರಕು, ಸೊಪ್ಪಿನ ಕಡ್ಡಿ, ಅಡಿಕೆ ಸಿಪ್ಪೆಯ ನಾರು. ನಾಲ್ಕರಲ್ಲೊಂದು ಪಾಲಿಗೆ ಹತ್ತಿರದ ಜಾಗ ಇವುಗಳಿಗೇ ಹೋಗಿತ್ತು. ಕೆಸರಿನಲ್ಲಿ ಒಂದು ಹಿತ್ತಾಳೆ ಗಂಟೆ ಸಿಕ್ಕಿತು, ಆಕಳ ಕೊರಳಿನದು. ಯಾವ ಆಕಳದೆಂದು ಅತ್ತೆಯವರಿಗೆ ಒಂದು ನೋಟಕ್ಕೇ ತಿಳಿಯಿತು. ಹುಣಸೆ ಹಚ್ಚಿ ತಿಕ್ಕಿ ಇಟ್ಟಿದ್ದಾರೆ.

ಮಾರ್ಚ್ 26ರಿಂದ ಏಪ್ರಿಲ್ 12

ಒಳಗಿನ ಬಿರುಕು ಮುಕ್ಕಾಲು ಮೀಟರ್ ಉದ್ದ, ಕೂದಲಷ್ಟು ಸಪೂರ. ಅದರುದ್ದಕ್ಕೂ ಒಂದಂಗುಲ ಆಳಕ್ಕೆ ಕೆತ್ತಿ, ತಂತಿ ಬ್ರಷ್ಷಿನಿಂದ ತಿಕ್ಕಿ ತೊಳೆದು, ಸಿಮೆಂಟು ನೀರು ಬಳಿದು, ಒಂದಕ್ಕೆ ಮೂರರ ಗಾರೆಗೆ ನೀರು ತಡೆಯುವ ಪುಡಿ ಸೇರಿಸಿ ತುಂಬಿದರು. ಬಿರುಕಿಗೆ ಮಾತ್ರ ತೇಪೆ ಹಾಕದೆ ಗ್ಯಾಸ್ ನಿಲ್ಲುವ ಇಡೀ ಮೇಲ್ಭಾಗಕ್ಕೆ ಹಳೆಯ ಗಿಲಾವನ್ನು ಕೆರೆದು ತೆಳುವಾಗಿ ಮೂರು ಸಲ ಬಳಿದರು, ಪ್ರತಿ ಸಲವೂ ಹಿಂದಿನದು ಪೂರ್ತಿ ಒಣಗುವ ಮೊದಲೇ. ಆ ಕಾರಣಕ್ಕೆ ಒಂದು ದಿನ ರಾತ್ರಿ ಎಂಟರವರೆಗೂ ಕೆಲಸ ನಡೆಯಿತು. ಈ ಸಲ ಬೆಳಕಿಗೆ ಕನ್ನಡಿ ಉಪಯೋಗವಿಲ್ಲದೆ, ಬಾಯಿಯ ಹೊರಗಿನಿಂದಲೇ ದೊಡ್ಡ ಟಾರ್ಚು ಬಿಟ್ಟೆವು. ನೆತ್ತಿಯ ಪೈಪು ಗುಮ್ಮಟ ಸೇರುವ ಬಾಯನ್ನೂ ಕೆತ್ತಿ ಹೊಸದಾಗಿ ಕೂರಿಸಿದರು.

ಹತ್ತು ದಿನ ದಿನಕ್ಕೆರಡು ಸಲ ಒಳಗೆ ನೀರು ಚಿಮುಕಿಸಿ, ಆರಿದ ಮೇಲೆ ಕಪ್ಪು ಎನಾಮಲ್ ಬಣ್ಣ ಎರಡು ಕೈ. ಬಣ್ಣದ ವಾಸನೆಯೇ ತಲೆ ತಿರುಗಿಸುತ್ತದೆ, ಬ್ಲೋವರ್ ಇಲ್ಲದಿದ್ದರೆ ಅದನ್ನೂ ಮಾಡಬಾರದು.

ಪರೀಕ್ಷೆಯನ್ನು ನೀರಿನಲ್ಲಿ ಮಾಡಿದೆವು. ಬಾವಿಯ ಪಂಪು ಹಚ್ಚಿ ನೀರು ತುಂಬಿಸುತ್ತ ಹೋದರೆ, ವಾಲ್ವ್ ಮುಚ್ಚಿದ್ದರಿಂದ ಒಳಗಿನ ಗಾಳಿ ಸಿಕ್ಕಿಕೊಂಡು ಒತ್ತಡ ಏರುತ್ತದೆ. ಬಗ್ಗಡ ತುಂಬಿದ ಮೇಲೆ ಹೀಗೆ ಗಾಳಿಯಿಂದ ಪರೀಕ್ಷಿಸಬಾರದು, ಮೀಥೇನಿನ ಜೊತೆ ಗಾಳಿ ಬೆರೆಯುತ್ತದೆ. 60ಕ್ಕೆ ತಂದು ಬಿಟ್ಟೆ. ಮಧ್ಯಾಹ್ನ ಬಿಸಿಲಿಗೆ 62 ತೋರಿಸಿತು, ರಾತ್ರಿ 59. ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಕಾರಣ ಅದೇ ಹೊತ್ತಿನ ಅಂಕಿಯನ್ನೇ ಹೋಲಿಸಬೇಕು. 24 ತಾಸಿನ ನಂತರ 59 ಮತ್ತು ಅದಕ್ಕೊಂದು ಗೆರೆ ಮೇಲೆ. ಮೇಸ್ತ್ರಿ ಹಲಗೆಯನ್ನು ಎರಡು ಸಲ ನೋಡಿ ಎಲೆ ಅಡಿಕೆ ಕೇಳಿದರು.

ಏಪ್ರಿಲ್ 14ರಿಂದ ಮೇ 6

2 ಘನ ಮೀಟರಿನ ಗುಂಡಿಗೆ ಮೊದಲ ತುಂಬುವಿಕೆಗೆ ಎರಡು ಟನ್ನಿನಷ್ಟು ಸಗಣಿ ಬೇಕು. ಬಿಡುವಿನ ದಿನಗಳಲ್ಲಿ ಕೂಡಿಟ್ಟದ್ದು ಒಂದು ಟನ್ನಿನ ಮೇಲಿತ್ತು, ಉಳಿದದ್ದನ್ನು ಭಾವನ ಮನೆಯಿಂದ ಟ್ರ್ಯಾಕ್ಟರಿನಲ್ಲಿ ತಂದೆವು. ಬೆಲ್ಲದ ನೀರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಗಣಿಗೆ ಸಮ ನೀರು ಹಾಕಿ ಕದಡಿ, ಕಡ್ಡಿ ಆರಿಸಿ, ಡ್ರಮ್ಮಿನ ಹಳೆಯ ಬಗ್ಗಡ ಬೆರೆಸಿ ತುಂಬಿದೆವು. ಕದಡುವ ತೊಟ್ಟಿಯ ತಳದಲ್ಲಿ ಈಗ ಒಂದು ಗೇಣು ಆಳದ ಗುಳಿ ಮಾಡಿಸಿದ್ದೇನೆ, ಮರಳು ಅಲ್ಲಿ ಕೂರಲಿ ಎಂದು. ಕೊಟ್ಟಿಗೆಯನ್ನು ಫಿನಾಯಿಲ್ ಹಾಕಿ ತೊಳೆದ ನೀರು ತೊಟ್ಟಿಗೆ ಬಾರದಂತೆ ಗಟಾರ ತಿರುಗಿಸಿದೆವು.

ಹದಿಮೂರನೆಯ ದಿನ ಮಾನೋಮೀಟರ್ ಅಲುಗಿತು. ಮೊದಲು ಬರುವುದು ಉರಿಯುವ ಗ್ಯಾಸಲ್ಲ. ಒಳಗೆ ಸಿಕ್ಕ ಗಾಳಿ ಮತ್ತು ಇಂಗಾಲದ ಡೈಆಕ್ಸೈಡು. ಮೂರು ಸಲ ತುಂಬಿದ್ದನ್ನು ನೆತ್ತಿಯ ಬಳಿಯೇ ಹೊರಗೆ ಬಿಟ್ಟೆ. ಮೇ 6ರ ಬೆಳಿಗ್ಗೆ ಹಚ್ಚಿದರೆ ಮೊದಲು ಹಳದಿ ನಾಲಗೆ, ಗಾಳಿಯ ಕಿಂಡಿ ಸರಿಸಿದ ಮೇಲೆ ನೀಲಿ. ಅತ್ತೆಯವರು ಮೊದಲು ಹಾಲಿಟ್ಟು ಉಕ್ಕಿಸಿದರು.

ಈ ನಡುವೆ ಸಿಲಿಂಡರಿಗೂ ಕಟ್ಟಿಗೆಗೂ ಆದ ಖರ್ಚು ಬಿಟ್ಟು, ಕೂಲಿ, ಪಂಪು, ಸಿಮೆಂಟು, ಬಣ್ಣ, ಪೈಪು ಎಲ್ಲ ಸೇರಿ 14,200 ರೂಪಾಯಿ. ಪುಡಿಯ 450 ಬೇರೆ, ಅದನ್ನು ನಮ್ಮವರ ಲೆಕ್ಕಕ್ಕೆ ಬರೆದಿದ್ದೇನೆ. 14.2 ಕಿಲೋ ಸಿಲಿಂಡರು ಸುಮಾರು 32 ಘನ ಮೀಟರ್ ಗೋಬರ್ ಗ್ಯಾಸಿಗೆ ಸಮ. ನಮ್ಮ ಗುಂಡಿ ಸರಿಯಿದ್ದರೆ ಮೂರು ವಾರಕ್ಕೊಂದು ಸಿಲಿಂಡರ್ ಕೊಟ್ಟ ಹಾಗೆ. ಆ 32 ಇಲ್ಲೂ ಬಂತಲ್ಲ ಎಂದು ನಮ್ಮವರು ನಗುತ್ತಾರೆ.

ಜುಲೈ 19

ಮೇ ತಿಂಗಳಲ್ಲಿ ದಿನಕ್ಕೆ 2 ತಾಸು 50 ನಿಮಿಷದವರೆಗೆ ಉರಿಯಿತು, ಬೆಳಗಿನ ಒತ್ತಡ 66. ಆರಿದ್ರ ಮಳೆ ಹಿಡಿದ ಮೇಲೆ ಬಗ್ಗಡದ ಬಿಸಿ 24 ಡಿಗ್ರಿಗೆ ಇಳಿದಿದೆ, ಈ ಜೀವಾಣುಗಳಿಗೆ 35ರ ಆಸುಪಾಸು ಹಿತ. ಈಗ 2 ತಾಸು 5 ನಿಮಿಷ. ಕದಡುವ ತೊಟ್ಟಿಗೆ ತಗಡು ಮುಚ್ಚಿ ಮಳೆ ನೀರು ತಡೆದಿದ್ದೇನೆ. ಬಚ್ಚಲ ಹಂಡೆಯ ಬೆಚ್ಚಗಿನ ನೀರಿನಲ್ಲಿ ಸಗಣಿ ಕದಡುತ್ತೇನೆ. ಹಲಸಿನ ಮರ ಕಡಿಯುವ ಮಾತಿಗೆ ಅತ್ತೆಯವರು ಒಪ್ಪಲಿಲ್ಲ, ಒಳ್ಳೆಯ ತೊಳೆಯ ಮರವಂತೆ. ಗುಮ್ಮಟಕ್ಕೂ ಮರಕ್ಕೂ ನಡುವೆ ಎರಡು ಅಡಿ ಆಳದ ಕಂದಕ ತೋಡಿ ಬೇರು ಕಡಿದಿದ್ದೇವೆ, ಪ್ರತಿ ಬೇಸಿಗೆಯಲ್ಲೂ ಕಡಿಯಬೇಕು.

ಇವತ್ತು ಬೆಳಿಗ್ಗೆ ಮಾನೋಮೀಟರ್ 58. ಒಲೆಯ ಬಲಗಡೆಯ ತಿರುಪಿನಲ್ಲಿ ಸಣ್ಣ ವಾಸನೆ ಬರುತ್ತಿದೆ, ನೊರೆ ಹಚ್ಚಿ ನೋಡಬೇಕು.